ಉಣ್ಣುವುದನ್ನು ಯಾರು ಯಾರಿಗೆ ಕಲಿಸಬೇಕು?

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಕೇರಿಗೆ ನಾವು ಐದಾರು ಮಂದಿ ಪೌಷ್ಟಿಕ ಅಡುಗೆ ಕಲಿಸಲು ಹೋಗಿದ್ದೆವು. ಇಬ್ಬರು ಮೇಷ್ಟರು, ಉಳಿದವರು ಕಾಲೇಜು ಹುಡುಗ ಹುಡುಗಿಯರು. ಕೈಯಲ್ಲಿ ಒಂದು ಚಾರ್ಟು, ಒಂದು ಸ್ಟೌ, ಚೀಲದಲ್ಲಿ ಕ್ಯಾರೆಟ್ಟು, ಬೀನ್ಸು. ಮಾರಿಗುಡಿ ಜಗಲಿ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಕಬ್ಬಿಣಾಂಶ, ಸುಣ್ಣದಂಶ, ವಿಟಮಿನ್ನು ಎಂದು ಒಂದು ಗಂಟೆ ಹೇಳಿದೆವು. ಎಲ್ಲ ಕೇಳಿದ ಮೇಲೆ ಒಬ್ಬ ಅಜ್ಜಿ ಅಂದಳು: "ಎಲ್ಲ ಸರಿ ಕನ ಮೊಗ. ಈ ಬೀನೀಸ ನಾವೇ ಬುಡುಸ್ತೀವಿ, ನಾವೇ ಮೂಟ ಕಟ್ತೀವಿ. ಅದು ಕೇರಳಕ್ಕ ಹೋಯ್ತದ. ನಮ್ಮಟ್ಟಿಗ ಯಾವಾಗ ಬತ್ತದ?"

ನಮ್ಮ ಚಾರ್ಟಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. "ವೊತ್ತಾಯ್ತು, ನಮ್ಮಟ್ಟೀಲಿ ಉಂಡ್ಕಂಡು ಹೋಗಿ" ಎಂದಳು. ನಮ್ಮಲ್ಲಿ ಯಾರೋ "ಬುತ್ತಿ ತಂದಿದ್ದೀವಿ ಅಜ್ಜಿ" ಅಂದುಬಿಟ್ಟರು. ಅಜ್ಜಿ ನಕ್ಕಳು. ಆ ನಗೆ ನಮಗೆ ಇವತ್ತಿಗೂ ಜೀರ್ಣವಾಗಿಲ್ಲ. ಯಾಕೆಂದರೆ ನಮ್ಮಲ್ಲಿ ಮೂವರು ಅಂಥದೇ ಕೇರಿಗಳಲ್ಲಿ ಹುಟ್ಟಿ ಬೆಳೆದವರು.

ಹಾಗಾದರೆ ಪ್ರಶ್ನೆ ಇದು: ಒಬ್ಬರ ಮನೆಯಲ್ಲಿ ಉಣ್ಣಲಾರದವನಿಗೆ ಅವರು ಏನು ಉಣ್ಣಬೇಕೆಂದು ಹೇಳುವ ಹಕ್ಕಿದೆಯೆ?

ಊಟಕ್ಕೆ ಸಂಬಂಧಿಸಿದ ಬೋಧನೆ ಈ ದೇಶದಲ್ಲಿ ಎಂದೂ ಬರೀ ಊಟದ ಮಾತಾಗಿರಲಿಲ್ಲ. ಯಾರು ಬೇಯಿಸಿದರು, ಯಾರು ಬಡಿಸಿದರು, ಯಾರು ಮುಟ್ಟಿದರು ಎಂಬುದೇ ಮುಖ್ಯವಾಗಿ ತಟ್ಟೆಯೊಳಗೆ ಏನಿದೆ ಎಂಬುದು ಕೊನೆಯ ಮಾತಾಯಿತು. 1927ರಲ್ಲಿ ಮಹಾಡದ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದದ್ದು ಬಾಯಾರಿಕೆಗಲ್ಲ. ಸುಮಾರು ನೂರು ವರ್ಷ ಕಳೆದರೂ ಆ ಕೆರೆಯ ದಂಡೆ ನಮ್ಮ ಜಿಲ್ಲೆಯ ಶಾಲೆಯ ಅಡುಗೆಕೋಣೆ ತನಕ ಚಾಚಿಕೊಂಡಿದೆ. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿಯನ್ನು ಪತ್ರಿಕೆಗಳು ಬರೆದವು. ದಲಿತ ಹೆಣ್ಣುಮಗಳೊಬ್ಬಳು ಅಡುಗೆಗೆ ಬಂದ ಮೇಲೆ ಮಕ್ಕಳು ಬಿಸಿಯೂಟ ಬಿಟ್ಟರು, ಆಮೇಲೆ ಶಾಲೆಯನ್ನೇ ಬಿಟ್ಟರು ಎಂದು. ಪಾಠ ಸರಿಯಿರಲಿಲ್ಲ, ಅದಕ್ಕೇ ಬಿಡಿಸಿದೆವು ಎಂದು ಕೆಲವು ಪೋಷಕರು ಹೇಳಿದ್ದೂ ವರದಿಯಾಯಿತು. ಅದೂ ಇರಬಹುದು. ಆದರೆ ಇಂಥ ಸುದ್ದಿ ಕೇಳಿದಾಗ ನಮಗಾರಿಗೂ ಆಶ್ಚರ್ಯವಾಗಲಿಲ್ಲವಲ್ಲ, ಅದನ್ನು ಯೋಚಿಸಬೇಕು. ಆ ಅನ್ನದಲ್ಲಿ ಎಷ್ಟು ಪ್ರೋಟೀನ್ ಇತ್ತು ಎಂದು ಯಾರೂ ಕೇಳಲಿಲ್ಲ.

ಇನ್ನು ನಮ್ಮ ಚಾರ್ಟಿನ ಕತೆ. ಅದರಲ್ಲಿ ಹಾಲಿತ್ತು, ಸೇಬು ಇತ್ತು, ದಾಳಿಂಬೆ ಇತ್ತು. ಬಾಡು ಇರಲಿಲ್ಲ. ಒಣಮೀನು ಇರಲಿಲ್ಲ. ಕೆರೆಯ ಏಡಿ ಇರಲಿಲ್ಲ. ಯಾರೂ ನಮಗೆ ಬಿಡಿ ಎಂದು ಹೇಳಿರಲಿಲ್ಲ, ನಾವೇ ಬಿಟ್ಟಿದ್ದೆವು. ಓದಿದ ನಾಲ್ಕಕ್ಷರ ನಮಗೆ ಮೊದಲು ಕಲಿಸಿದ್ದು ನಮ್ಮ ಅವ್ವನ ಒಲೆಯನ್ನು ಕಂಡು ನಾಚಿಕೊಳ್ಳುವುದನ್ನು. ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾದಾಗ ಕೆಲವು ಮಠಾಧೀಶರು ಬೇಡವೆಂದರು. ಅವರನ್ನು ನಾವು ಬೈದೆವು. ಆದರೆ ನಮ್ಮ ಚಾರ್ಟು ಬರೆದವನ ಕೈಯೊಳಗೂ ಒಂದು ಮಠ ಕೂತಿತ್ತು.

ಅಂದು ನಾವು ಕಲಿಸಲು ಹೋದ ಹೆಂಗಸರಿಗೆ ಏನು ಗೊತ್ತಿತ್ತು ನೋಡಿ. ಸೊಪ್ಪು, ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸಿದು ಅದರಲ್ಲೇ ಸಾರು ಕಾಯಿಸುವುದು ಬಸ್ಸಾರು. ಬೇಯಿಸಿದ ನೀರಿನಲ್ಲಿ ಸತ್ವ ಇಳಿದಿರುತ್ತದೆ, ಚೆಲ್ಲಬೇಡಿ ಎಂದು ಪುಸ್ತಕ ಹೇಳುವುದೂ ಅದನ್ನೇ. ಹುರುಳಿಯನ್ನು ಮೊಳಕೆ ಕಟ್ಟುವುದು, ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿ ಮಗುವಿಗೆ ಸರಿ ಕಾಯಿಸುವುದು, ಸಾರಿಗೆ ಹುಣಸೆ ಹಿಂಡುವುದು, ಇವೆಲ್ಲ ಕಾಳಿನ ಮತ್ತು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುವ ಉಪಾಯಗಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶ ಇದೆ. ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಹೊನಗನ್ನೆ, ಗೋಣಿಸೊಪ್ಪು ಆಯ್ದು ಬೆರಕೆಸೊಪ್ಪಿನ ಸಾರು ಮಾಡುವವಳಿಗೆ ಕ್ಯಾರೆಟ್ಟು ತೋರಿಸಲು ಹೋದವರು ನಾವು.

ಹಾಗಾದರೆ ಈ ಜನ ಯಾಕೆ ಸೊರಗಿದ್ದಾರೆ? ಕಳೆನಾಶಕ ಸಿಂಪಡಿಸಿದ ಮೇಲೆ ಬದುವಿನಲ್ಲಿ ಸೊಪ್ಪಿಲ್ಲ. ಕೂಲಿಗೆ ಹೋಗುವವಳಿಗೆ ಹುರುಳಿ ನೆನೆಹಾಕಲು ವೇಳೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಗೆಣಸು, ಜೇನು, ನೂರೆಂಟು ಸೊಪ್ಪು ಬಲ್ಲವರು, ಕಾಡಿನಲ್ಲೇ ರಾಗಿ ಬಿತ್ತುತ್ತಿದ್ದವರು. 1974ರಲ್ಲಿ ಕಾಡು ವನ್ಯಧಾಮವಾಯಿತು, ಬೇಸಾಯ ನಿಂತಿತು. 2011ರಲ್ಲಿ ಹುಲಿ ಮೀಸಲು ಎಂದಾಯಿತು. ಅದೇ ವರ್ಷ ಅವರು ಹೋರಾಡಿ ಸಮುದಾಯದ ಅರಣ್ಯ ಹಕ್ಕು ಪಡೆದರು. ಕಾಡನ್ನು ಕಿತ್ತುಕೊಂಡು ಆಮೇಲೆ ಪೌಷ್ಟಿಕತೆಯ ಪಾಠ ಹೇಳುವುದು ಎಂಥ ಸೇವೆ? ಅಜ್ಜಿಯ ಬೀನೀಸಿಗೂ ಇದೇ ಮಾತು. ತೆರಕಣಾಂಬಿಯ ಮಾರುಕಟ್ಟೆಯಿಂದ ತರಕಾರಿ ಲಾರಿ ಗಡಿ ದಾಟುತ್ತದೆ. ಬಿಡಿಸಿದವಳ ಸೆರಗಿನಲ್ಲಿ ಒಂದು ಹಿಡಿ ಉಳಿಯುವುದು ಕೂಲಿಯ ಪ್ರಶ್ನೆ. ತಿಳಿವಳಿಕೆಯ ಪ್ರಶ್ನೆ ಅಲ್ಲ.

ಹಾಗೆಂದು ಕಲಿಸುವುದೇ ಬೇಡ ಎನ್ನುವವರ ಜೊತೆ ನಾವಿಲ್ಲ. ಅದೂ ಒಂದು ಸೋಮಾರಿತನ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 1975ರ ಅಕ್ಟೋಬರ್ 2ರಂದು ಪಕ್ಕದ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ತೆರೆದು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲಿನ ಮಾತಿದು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಇದನ್ನು ಹೇಳಬೇಕು. ಹೊತ್ತಾರೆ ಮಗುವಿನ ಕೈಗೆ ಬಿಸ್ಕತ್ತು ಪೊಟ್ಟಣ ಕೊಟ್ಟು ಕೂಲಿಗೆ ಓಡುವ ತಾಯಿಯ ಜೊತೆ ಕೂತು ಮಾತಾಡಬೇಕು.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕು, ಕಹಿಯಾದರೂ. ನಮ್ಮ ಹಟ್ಟಿಯಲ್ಲೂ ಹೆಣ್ಣು ಕೊನೆಗೆ ಉಣ್ಣುತ್ತಾಳೆ. ಬಾಡಿನ ಚೂರು ಗಂಡಸಿನ ತಟ್ಟೆಗೆ, ಸಾರಿನ ತಳ ಅವಳಿಗೆ. ಬಸುರಿಯಾದರೂ ಅಷ್ಟೆ. ಇದನ್ನು ಯಾವ ಮೇಲ್ಜಾತಿಯವನೂ ಬಂದು ಮಾಡಿಸಿದ್ದಲ್ಲ. ವೇದಿಕೆ ಮೇಲೆ ಸಮಾನತೆ ಮಾತಾಡಿ ಮನೆಗೆ ಬಂದು ಮೊದಲ ಪಂಕ್ತಿಯಲ್ಲಿ ಕೂರುವ ನಾವು ಯಾರಿಗೆ ಏನು ಕಲಿಸುತ್ತೇವೆ? ಅಡುಗೆ ಪಾಠಕ್ಕೆ ಹೆಂಗಸರನ್ನಷ್ಟೇ ಕರೆದದ್ದೇ ನಮ್ಮ ಮೊದಲ ತಪ್ಪು.

ತಿಂಗಳಾದ ಮೇಲೆ ನಾವು ಮತ್ತೆ ಆ ಕೇರಿಗೆ ಹೋದೆವು. ಚಾರ್ಟು ತೆಗೆದುಕೊಂಡು ಹೋಗಲಿಲ್ಲ, ಬುತ್ತಿಯನ್ನೂ ಒಯ್ಯಲಿಲ್ಲ. ಅಜ್ಜಿ ಹಿಟ್ಟು ತಿರುವಿದಳು, ಉಪ್ಪೆಸರು ಮಾಡಿದ್ದಳು. ಸೊಪ್ಪು ಸೋಸುವ ಕೆಲಸಕ್ಕೆ ನಮ್ಮ ಹುಡುಗರು ಕೂತರು, ಕೇರಿಯ ಗಂಡಸರು ನಾಲ್ವರು ನಕ್ಕು ಹೋದರು, ಇಬ್ಬರು ಕೂತರು. ಅವತ್ತು ಅಜ್ಜಿ ನಮ್ಮ ಜೊತೆಗೇ ಉಂಡಳು. ಟೀ, ಮಾತ್ರೆ, ಕೂಲಿ ಎಲ್ಲ ಮಾತೂ ಆ ತಟ್ಟೆಗಳ ಮುಂದೆಯೇ ಬಂತು.

ಗೆಳೆಯರೇ, ಈ ಕೆಲಸಕ್ಕೆ ಹೊರಡುವವರಿಗೆ ನಾವು ಹೇಳುವುದು ಇಷ್ಟೆ. ಮೊದಲು ಉಣ್ಣಿ, ಆಮೇಲೆ ಮಾತಾಡಿ. ಮಾತಾಡುವಾಗ ಸೊಪ್ಪಿನ ಜೊತೆ ಕೂಲಿಯ ಲೆಕ್ಕವನ್ನೂ ತೆಗೆಯಿರಿ.