ರಸಾವರಿಯೂ ನೀರಿನ ಋಣವೂ

ಗೊಬ್ಬರವನ್ನು ನೀರಿನಲ್ಲಿ ಕರಗಿಸಿ, ಕೊಳವೆಯ ಮೂಲಕ ಬೆಳೆಯ ಬೇರಿಗೇ ಉಣಿಸುವ ಕ್ರಮಕ್ಕೆ ನಮ್ಮ ಕೃಷಿ ಬರಹಗಾರರು ‘ರಸಾವರಿ’ ಎಂಬ ಸೊಗಸಾದ ಹೆಸರನ್ನು ಬಳಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆಯ ದಾಳಿಂಬೆ, ದ್ರಾಕ್ಷಿ, ಕಬ್ಬಿನ ತೋಟಗಳಲ್ಲಿ ಹನಿ ನೀರಾವರಿಗೆ ಮರಾಠಿಯ ‘ಠಿಬಕ’ ಎಂಬ ಮಾತೂ ಸಲ್ಲುತ್ತದೆ. ಹೆಸರು ಯಾವುದಾದರೇನು, ಮಳೆಗೆ ಮುಗಿಲು ನೋಡುವ ಈ ಸೀಮೆಗೆ ಅದು ವರವಾಗಿಯೇ ಬಂದಿತು. ಕೈಯಿಂದ ಎರಚಿದ ಯೂರಿಯಾದಲ್ಲಿ ಗಾಳಿಗೆ ಹೋದದ್ದೆಷ್ಟು, ನೀರಿನೊಡನೆ ಹರಿದದ್ದೆಷ್ಟು ಎಂದು ಕೇಳುವವರಿರಲಿಲ್ಲ. ಹನಿಯ ಜೊತೆ ಹೋಗುವ ಗೊಬ್ಬರಕ್ಕೆ ಅಳತೆಯುಂಟು, ಹೊತ್ತುಂಟು. ಮಿತವನ್ನು ಗುಣವೆಂದು ಬಗೆಯುವವರು ಇದನ್ನು ಮೆಚ್ಚಲೇಬೇಕು.

ಆದರೆ ಆ ಮಿತಿ ಯಾರ ಹಿತಕ್ಕಾಗಿ? ನನ್ನ ಗೊಬ್ಬರದ ಚೀಲ ಉಳಿಯಲೆಂದು ನಾನು ಹಿಡಿದ ಅಳತೆಯು ನೆರೆಯವನ ಕುಡಿಯುವ ನೀರನ್ನೂ ತಾನಾಗಿ ಕಾಯುವುದೆಂದು ನಂಬಬಹುದೆ?

ಕೊಳವೆಯ ಒಂದು ತುದಿ ಗಿಡದ ಬುಡದಲ್ಲಿದ್ದರೆ ಇನ್ನೊಂದು ತುದಿ ಬಾವಿಯಲ್ಲಿದೆ. ಗೊಬ್ಬರದ ಟ್ಯಾಂಕು ಇವೆರಡರ ನಡುವೆ ಸೇರುತ್ತದೆ. ಮೋಟರು ನಡೆಯುವ ತನಕ ಎಲ್ಲವೂ ಮುಂದಕ್ಕೇ ಹರಿಯುತ್ತದೆ. ಕರೆಂಟು ಹೋದಾಗ (ನಮ್ಮಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ) ಮೇಲೇರಿದ್ದ ನೀರು ತನ್ನ ಭಾರಕ್ಕೆ ತಾನೇ ಇಳಿಯತೊಡಗುತ್ತದೆ. ಕೊಳವೆಯೊಳಗೆ ನಿರ್ವಾತ ಉಂಟಾಗುತ್ತದೆ. ಪಂಪಿನ ಬಾಯಿಯ ಕವಾಟ ಸವೆದಿದ್ದರೆ ಟ್ಯಾಂಕಿನ ದ್ರಾವಣವೂ ಅದರ ಹಿಂದೆಯೇ ಬಾವಿಗಿಳಿಯಬಹುದು. ಕೀಟನಾಶಕವನ್ನೂ ಶಿಲೀಂಧ್ರನಾಶಕವನ್ನೂ ಇದೇ ದಾರಿಯಲ್ಲಿ ಬಿಡುವವರಿರುವುದರಿಂದ, ಇಳಿಯುವುದು ಬರಿಯ ಗೊಬ್ಬರವೇ ಆಗಿರಬೇಕೆಂದಿಲ್ಲ. ಇದನ್ನು ತಡೆಯಲು ಪಂಪಿಗೂ ಟ್ಯಾಂಕಿನ ಜೋಡಣೆಗೂ ನಡುವೆ ಒಂದು ನಾನ್-ರಿಟರ್ನ್ ವಾಲ್ವ್ ಬೇಕು. ಗಾಳಿಯನ್ನು ಒಳಬಿಟ್ಟು ನಿರ್ವಾತವನ್ನು ಮುರಿಯುವ ಏರ್ ವಾಲ್ವ್ ಬೇಕು.

ವಿಚಾರ ಮಾಡಬೇಕಾದದ್ದು ಇಲ್ಲಿಯೇ. ಫಿಲ್ಟರು ಹನಿಯ ಕಂಡಿಯನ್ನು ಕಟ್ಟಿಕೊಳ್ಳದಂತೆ ಕಾಯುತ್ತದೆ, ವೆಂಚುರಿ ಕೂಲಿಯನ್ನು ಉಳಿಸುತ್ತದೆ. ನಾನ್-ರಿಟರ್ನ್ ವಾಲ್ವಿನಿಂದ ಮಾತ್ರ ಒಂದು ಕಾಯಿಯೂ ಹೆಚ್ಚು ಬಿಡುವುದಿಲ್ಲ. ಕೈ ಬಿಗಿಯಾದಾಗ ಮೊದಲು ಬಿಟ್ಟುಹೋಗುವುದು ಅದೇ. ಇಡಿಯ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಪರರಿಗಾಗಿಯೇ ಇರುವ ಭಾಗವೂ ಅದೇ ಎಂಬುದು ಕಾಕತಾಳೀಯವಲ್ಲ.

ಕೇಡಿಗೆ ಇನ್ನೂ ಒಂದು ದಾರಿಯಿದೆ, ಅದಕ್ಕೆ ವಾಲ್ವಿಲ್ಲ. ಗೊಬ್ಬರ ಬಿಟ್ಟ ಮೇಲೂ ತಾಸುಗಟ್ಟಲೆ ನೀರು ಹರಿಸಿದರೆ ನೈಟ್ರೇಟು ಬೇರನ್ನು ದಾಟಿ, ಕಪ್ಪು ಕಲ್ಲಿನ ಬಿರುಕುಗಳನ್ನು ಹಿಡಿದು ಅಂತರ್ಜಲವನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಮೀರಿದರೆ ಮೊದಲು ಅಪಾಯಕ್ಕೀಡಾಗುವುದು ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲನ್ನು ಕುಡಿಯುವ ಹಸುಗೂಸು. ಅದರ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತದೆ.

1882ರ ಈಸ್‌ಮೆಂಟ್ ಕಾಯ್ದೆಯು ತನ್ನ ಭೂಮಿಯ ಕೆಳಗಿನ ನೀರನ್ನು ತನ್ನ ಮೇರೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕನ್ನು ಒಡೆಯನಿಗೆ ಮನ್ನಿಸಿದೆ. ಎತ್ತುವ ಹಕ್ಕಿನಲ್ಲಿ ಬೆರೆಸುವ ಹಕ್ಕೂ ಅಡಗಿದೆಯೆ? ಇಲ್ಲವೆಂದೇ ನನ್ನ ನಿಲುವು. ಎತ್ತಿದ ನೀರು ನನ್ನ ಹೊಲದಲ್ಲಿ ಮುಗಿಯಬಹುದು, ಬೆರೆಸಿದ್ದು ಅಲ್ಲಿ ಮುಗಿಯುವುದಿಲ್ಲ. ಬೋರಿ ನದಿ ಅಕ್ಕಲಕೋಟ ತಾಲೂಕನ್ನು ಹಾದು ಭೀಮೆಯನ್ನು ಸೇರುತ್ತದೆ. ಭೀಮೆಯ ಆಚೆ ದಂಡೆ ವಿಜಯಪುರ ಜಿಲ್ಲೆ. ಗಡಿಯ ಕುರಿತು ಇಷ್ಟೊಂದು ಠರಾವು ಮಾಡುವ ನಾವು, ಗಡಿಯನ್ನೇ ಅರಿಯದ ಈ ವಸ್ತುವಿನ ಕುರಿತು ಒಂದು ಸಾಲನ್ನೂ ಬರೆದಂತಿಲ್ಲ.

ಕಾರ್ಖಾನೆಗಳನ್ನೂ ಊರ ಚರಂಡಿಗಳನ್ನೂ ಬಿಟ್ಟು, ಸಾಲದಲ್ಲಿರುವ ರೈತನಿಗೇಕೆ ಈ ಉಪದೇಶವೆಂದು ಕೇಳಬಹುದು. ಕೇಳುವುದು ನ್ಯಾಯವೇ. ದೊಡ್ಡವರ ಹೊರೆ ದೊಡ್ಡದು. ವಾಲ್ವಿಲ್ಲದೆ ಸಾಮಾನು ಮಾರಿದ ಅಂಗಡಿಯವನೂ, ಅದನ್ನು ನೋಡಿ ಸಹಿ ಹಾಕಿದವನೂ ಪಾಲುದಾರರು. ಆದರೂ ಪಾಲು ಹಂಚಿದೊಡನೆ ಬಾವಿ ತಿಳಿಯಾಗುವುದಿಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ್ದು ಯಾರ ಬಾಯಾರಿಕೆಗೆಂದು ಹೆಸರು ಹಿಡಿದು ಹೇಳಲಾಗದು. ಇನ್ನೂ ಹುಟ್ಟದವರಿಗೂ ಅದರಲ್ಲಿ ನೀರಿತ್ತು. ನೂರಾರು ಆಳುಗಳ ಆ ಕಾಯಕವನ್ನು ಇಂದು ಯಾರೂ ನಮ್ಮಿಂದ ಬೇಡುತ್ತಿಲ್ಲ.

ಬೇಡುತ್ತಿರುವುದು ಇಷ್ಟೇ: ಗೊಬ್ಬರ ಬಿಡುವ ಹೊತ್ತಿಗೆ ಮನುಷ್ಯನೊಬ್ಬ ಅಲ್ಲಿರಬೇಕು. ರಾತ್ರಿ ಪಾಳಿಯ ಕರೆಂಟಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗುವುದು ತಪ್ಪಲ್ಲ. ಮೋಟರು ತಾನೇ ಏಳಲಿ, ತಾನೇ ನಿಲ್ಲಲಿ. ಆದರೆ ಟ್ಯಾಂಕಿನ ವಾಲ್ವನ್ನು ಮುಚ್ಚಿ ಮಲಗಬೇಕು, ಬೆಳಗಾದ ಮೇಲೆ ಅದನ್ನು ಕೈಯಿಂದಲೇ ತೆರೆಯಬೇಕು.