ಯಾವ ವಿಭಾಗಕ್ಕೂ ಸೇರದವಳು

ಡೇಟಾಬೇಸ್ ಕಲಿತ ಅನೇಕರಿಗೆ ಕಿಂಬರ್ಲಿ ಗ್ರಾಂಟ್ ಗೊತ್ತಿರುತ್ತಾಳೆ. ಅವಳು ನಿಜವಾದ ಮನುಷ್ಯಳಲ್ಲ. ಒರಾಕಲ್ ಕಂಪನಿ ಅಭ್ಯಾಸಕ್ಕೆಂದು ಕಟ್ಟಿಕೊಟ್ಟ ‘ಎಚ್‌ಆರ್’ ಎಂಬ ಕಾಲ್ಪನಿಕ ಕಚೇರಿಯ 178ನೇ ನಂಬರಿನ ಉದ್ಯೋಗಿ. ಆ ಕಚೇರಿಯಲ್ಲಿ 107 ಜನರಿದ್ದಾರೆ, 27 ವಿಭಾಗಗಳಿವೆ. ಗ್ರಾಂಟ್‌ಗೆ ಹುದ್ದೆಯಿದೆ, ಮೇಲಧಿಕಾರಿ ಇದ್ದಾರೆ, 7000 ಸಂಬಳ ಬರುತ್ತದೆ. ವಿಭಾಗದ ಕಾಲಂ ಮಾತ್ರ ಖಾಲಿ.

ಕಲಿಯುವವರು ಈಗ ಈ ಕಚೇರಿಯ ಟೇಬಲ್‌ಗಳನ್ನು ಅಪಾಚೆ ಸ್ಪಾರ್ಕ್‌ಗೆ ಹಾಕಿಕೊಂಡು ಕೈ ಪಳಗಿಸಿಕೊಳ್ಳುವುದುಂಟು. 2009ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪಾರ್ಕ್, ಒಂದು ಯಂತ್ರಕ್ಕೆ ಹೊರಲಾಗದ ಡೇಟಾವನ್ನು ನೂರಾರು ಯಂತ್ರಗಳಿಗೆ ಹಂಚಿ ಕೆಲಸ ಮುಗಿಸುತ್ತದೆ. 2014ರ ಒಂದು ಸ್ಪರ್ಧೆಯಲ್ಲಿ 206 ಯಂತ್ರಗಳ ಮೇಲೆ 100 ಟೆರಾಬೈಟ್ ಡೇಟಾವನ್ನು 23 ನಿಮಿಷದಲ್ಲಿ ಕ್ರಮವಾಗಿ ಜೋಡಿಸಿಟ್ಟಿತ್ತು. ಲಕ್ಷಗಟ್ಟಲೆ ನೌಕರರಿರುವ ಕಂಪನಿಯ ಸಂಬಳದ ಲೆಕ್ಕ ಅದಕ್ಕೆ ಯಾವ ಮೂಲೆಗೆ!

ಉದ್ಯೋಗಿಗಳ ಟೇಬಲನ್ನೂ ವಿಭಾಗಗಳ ಟೇಬಲನ್ನೂ ವಿಭಾಗದ ನಂಬರ್ ಹೊಂದಿಸಿ ಜಾಯಿನ್ ಮಾಡಿ ‘ಯಾರು ಯಾವ ವಿಭಾಗದಲ್ಲಿದ್ದಾರೆ’ ಎಂದು ಕೇಳಿ. 106 ಸಾಲುಗಳು ಬರುತ್ತವೆ. ಗ್ರಾಂಟ್ ಇಲ್ಲ. ಯಂತ್ರ ಎಚ್ಚರಿಕೆ ಕೊಡುವುದಿಲ್ಲ, ಏಕೆಂದರೆ ಅದರ ನಿಯಮದ ಪ್ರಕಾರ ತಪ್ಪೇನೂ ನಡೆದಿಲ್ಲ. ಇನ್ನೂ ವಿಚಿತ್ರ ಕೇಳಿ. 50ನೇ ವಿಭಾಗದಲ್ಲಿರುವವರು ಎಷ್ಟು? 45. ಆ ವಿಭಾಗದಲ್ಲಿ ಇಲ್ಲದವರು? 61. ಕೂಡಿದರೆ ಮತ್ತೆ 106. ಇದ್ದವರಲ್ಲೂ ಅವಳಿಲ್ಲ, ಇಲ್ಲದವರಲ್ಲೂ ಅವಳಿಲ್ಲ. ಖಾಲಿ ಜಾಗವನ್ನು ಯಾವುದರ ಜೊತೆ ಹೋಲಿಸಿದರೂ ಹೌದೂ ಅಲ್ಲ, ಅಲ್ಲವೂ ಅಲ್ಲ, ‘ಗೊತ್ತಿಲ್ಲ’ ಎಂಬುದೇ ಉತ್ತರ. ಗೊತ್ತಿಲ್ಲದವರನ್ನು ಯಂತ್ರ ಪಟ್ಟಿಗೆ ಸೇರಿಸುವುದಿಲ್ಲ.

ಪಾಠದ ಪುಸ್ತಕದಲ್ಲಿ ಇದು ಒಂದು ಸಣ್ಣ ಚಮತ್ಕಾರ. ಕಚೇರಿಯಲ್ಲಿ ಹಾಗಲ್ಲ. ವಿಭಾಗದ ಕಾಲಂ ಖಾಲಿಯಿರುವವರು ಯಾರು? ವರ್ಗಾವಣೆ ಆದೇಶ ಕೈಗೆ ಬಂದು ಹೊಸ ಜಾಗದಲ್ಲಿ ಇನ್ನೂ ಹಾಜರಾಗದವರು. ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ತಂಡವೇ ಕರಗಿಹೋದ ಹೆಣ್ಣುಮಕ್ಕಳು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ‘ಬೆಂಚ್’ ಮೇಲೆ ಕೂತು ಪ್ರಾಜೆಕ್ಟಿಗೆ ಕಾಯುವವರು. ಯಾರ ಕಷ್ಟ ಮೊದಲು ಕಾಣಬೇಕೋ ಅವರೇ ಲೆಕ್ಕದಿಂದ ಜಾರುತ್ತಾರೆ. ಏಜೆನ್ಸಿ ಮೂಲಕ ಬರುವ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಸಿಬ್ಬಂದಿಯ ಹೆಸರಂತೂ ಎಷ್ಟೋ ಕಡೆ ಕಂಪನಿಯ ಟೇಬಲ್ಲಿನಲ್ಲೇ ಇರುವುದಿಲ್ಲ. ಅವರು ಜಾರುವ ಪ್ರಶ್ನೆಯೂ ಏಳುವುದಿಲ್ಲ.

ಸರಾಸರಿ ಇನ್ನೊಂದು ಮೋಸ. ಗ್ರಾಂಟ್‌ಳ ಕಚೇರಿಯಲ್ಲಿ ಕಮಿಷನ್ ಪಡೆಯುವವರು 35 ಜನ. ಕಮಿಷನ್ನಿನ ಸರಾಸರಿ ಕೇಳಿದರೆ, ಖಾಲಿ ಜಾಗಗಳನ್ನು ಬಿಟ್ಟು, ಸುಮಾರು ಶೇ. 22 ಎಂದು ಬರುತ್ತದೆ. ಪಡೆಯದ 72 ಜನರನ್ನೂ ಸೊನ್ನೆ ಎಂದು ಹಿಡಿದರೆ ಅದು ಶೇ. 7ರ ಆಸುಪಾಸಿಗೆ ಇಳಿಯುತ್ತದೆ. ಎರಡೂ ಸುಳ್ಳಲ್ಲ. ಆದರೆ ಯಾವುದನ್ನು ಆಡಳಿತ ಮಂಡಳಿಯ ಮುಂದಿಡಬೇಕು ಎಂದು ತೀರ್ಮಾನಿಸುವವನು ಸ್ಪಾರ್ಕ್ ಅಲ್ಲ, ವರದಿ ಬರೆಯುವವನು. ‘ಸಿಸ್ಟಮ್ ಹೀಗೆ ತೋರಿಸುತ್ತಿದೆ’ ಎನ್ನುವ ಮಾತನ್ನು ನಾನು ಅದಕ್ಕೇ ಸಹಿಸಲಾರೆ.

ಕಾಣದೆ ಹೋಗುವುದು ಒಂದು ಅನ್ಯಾಯವಾದರೆ, ಬೇಡದಷ್ಟು ಕಾಣುವುದು ಮತ್ತೊಂದು. ಆ ಕಚೇರಿಯ 10, 40, 70ನೇ ವಿಭಾಗಗಳಲ್ಲಿ ಒಬ್ಬೊಬ್ಬರೇ ಇದ್ದಾರೆ. ವಿಭಾಗವಾರು ಸರಾಸರಿ ಸಂಬಳ ಕೇಳಿದಿರೋ, ಹೆಸರಿಲ್ಲದ ಆ ವರದಿಯಲ್ಲಿ ಈ ಮೂವರ ಸಂಬಳ ಇದ್ದದ್ದು ಇದ್ದಂತೆ ಹೊರಬೀಳುತ್ತದೆ. ಸಂಬಳದ ಜಾಗದಲ್ಲಿ ವೈದ್ಯಕೀಯ ರಜೆಯನ್ನೋ ಶಿಸ್ತುಕ್ರಮವನ್ನೋ ಇಟ್ಟು ನೋಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಉದ್ಯೋಗದ ಉದ್ದೇಶಗಳಿಗಾಗಿ ನೌಕರರ ಡೇಟಾವನ್ನು ಅವರ ಒಪ್ಪಿಗೆಯಿಲ್ಲದೆ ಬಳಸಲು ಮಾಲೀಕರಿಗೆ ಅವಕಾಶವಿದೆ. ಕಾನೂನು ಬಾಗಿಲು ತೆರೆದಿಟ್ಟಿರುವಾಗ ಒಳಗೆ ಎಷ್ಟು ದೂರ ಹೋಗಬೇಕೆಂಬುದು ಹೋಗುವವನ ಸಂಕೋಚಕ್ಕೆ ಬಿಟ್ಟದ್ದು.

ಹಿಂದೆ ಒಬ್ಬ ನೌಕರನ ವಿವರ ಬೇಕಿದ್ದರೆ ಕೇಸ್ ವರ್ಕರ್ ಬೀರು ತೆಗೆದು ಸರ್ವಿಸ್ ರಿಜಿಸ್ಟರ್ (ಎಸ್‌.ಆರ್.) ಹುಡುಕಬೇಕಿತ್ತು. ಯಾಕೆ ಬೇಕು, ಯಾರು ಕೇಳಿದರು ಎಂಬುದು ಸಂಜೆಯೊಳಗೆ ಕಚೇರಿಗೆಲ್ಲ ತಿಳಿಯುತ್ತಿತ್ತು. ಆ ಕಾಲವನ್ನು ಹಾಡಿಹೊಗಳಬೇಕಿಲ್ಲ, ಎಸ್‌.ಆರ್. ಕಳೆದುಹೋಗಿ ಪಿಂಚಣಿಗೆ ಅಲೆದವರಿಗೆ ಅದರ ಸುಖ ಗೊತ್ತು. ಆದರೆ ಆ ನಿಧಾನದಲ್ಲಿ ‘ಇದನ್ನು ಕೇಳಲೇಬೇಕೆ’ ಎಂದು ಯೋಚಿಸುವಷ್ಟು ಬಿಡುವಿತ್ತು. ಈಗ ಪ್ರಶ್ನೆ ಬರೆಯಲು ಬೇಕಾದ ಹೊತ್ತು ಉತ್ತರಕ್ಕೆ ಬೇಡ.

ಮದುವೆ ಮನೆಯಲ್ಲಿ ಬಡಿಸುವವರು ಎಲೆಯ ಮುಂದೆ ಕೂತವರಿಗಷ್ಟೇ ಬಡಿಸುತ್ತಾರೆ, ಅದು ಅವರ ಕೆಲಸ. ಕೊನೆಯ ಪಂಕ್ತಿ ಏಳುವ ಮುಂಚೆ ‘ಊಟ ಆಗದವರು ಯಾರಾದರೂ ಇದ್ದೀರಾ’ ಎಂದು ಕೂಗುವುದು ಮನೆಯ ಯಜಮಾನನ ಕೆಲಸ. ಸ್ಪಾರ್ಕ್‌ನಲ್ಲೂ ಅಂಥ ಕೂಗಿಗೆ ದಾರಿಯಿದೆ. ‘ಲೆಫ್ಟ್ ಆಂಟಿ ಜಾಯಿನ್’ ಎಂದು ಬರೆದರೆ ಜೋಡಿ ಸಿಗದವರ ಪಟ್ಟಿಯನ್ನಷ್ಟೇ ತಂದುಕೊಡುತ್ತದೆ. ಅಲ್ಲಿ ಗ್ರಾಂಟ್ ಒಬ್ಬಳೇ ಬರುತ್ತಾಳೆ. ಒಂದೇ ಸಾಲಿನ ಕೆಲಸ, ಆದರೆ ಯಾರಾದರೂ ಅದನ್ನು ಬರೆಯಬೇಕು.

ನಿಮ್ಮ ಮೇಜಿಗೂ ನೌಕರರ ಕುರಿತ ವರದಿ ಬರುತ್ತಿದ್ದರೆ, ಬಣ್ಣಬಣ್ಣದ ಚಾರ್ಟು ನೋಡುವ ಮುಂಚೆ ಎರಡು ಸಂಖ್ಯೆ ಕೇಳಿ: ಒಟ್ಟು ಎಷ್ಟು ಜನರಿದ್ದರು, ಈ ಲೆಕ್ಕಕ್ಕೆ ಎಷ್ಟು ಜನ ಬಂದರು. ಎರಡೂ ಒಂದೇ ಆಗಿಲ್ಲದಿದ್ದರೆ ಬಿಟ್ಟುಹೋದವರ ಹೆಸರು ತಿಳಿಯುವ ತನಕ ಸಹಿ ಹಾಕಬೇಡಿ.