ಉಣಗೋಲೂ ಕಬ್ಬಿಣದ ಗೇಟೂ

ಹೈದರಾಬಾದಿನಲ್ಲಿ ಮನೆ ಕಟ್ಟಿಸುವವನಿಗೆ ಗೇಟಿನ ಪ್ರಶ್ನೆ ಎದುರಾಗುವುದು ಕಟ್ಟಕಡೆಗೆ. ಗೋಡೆ, ತಾರಸಿ, ಬಣ್ಣ ಎಲ್ಲ ಮುಗಿದು, ಕೈಯಲ್ಲಿದ್ದ ದುಡ್ಡೂ ಮುಗಿಯುತ್ತಾ ಬಂದಿರುತ್ತದೆ. ಹೀಗಾಗಿ ಹೆಚ್ಚಿನವರು ಅದನ್ನು ವೆಲ್ಡಿಂಗ್ ಶಾಪಿನವನ ತಲೆಗೇ ಕಟ್ಟಿ ಸುಮ್ಮನಾಗುತ್ತಾರೆ. ನನಗೇನೋ ಇಡೀ ಮನೆಯಲ್ಲಿ ಕೂತು ಯೋಚಿಸಬೇಕಾದ ವಸ್ತು ಇದೊಂದೇ ಅನ್ನಿಸಿತು. ಅಡುಗೆಮನೆ ಎಲ್ಲಿರಬೇಕು ಅನ್ನೋದು ನಮ್ಮ ಪಾಡು. ಗೇಟು ಹಾಗಲ್ಲ, ಅದರಲ್ಲಿ ಬೀದಿಯವರ ಪಾಲೂ ಇದೆ.

ಕಾರು ಒಳಗೆ ಬರಬೇಕಾದರೆ 10ರಿಂದ 12 ಅಡಿ ಅಗಲ ಬೇಕು. ಎರಡು ಬಾಗಿಲಿನ ಗೇಟಾದರೆ ಒಂದೊಂದೂ 5-6 ಅಡಿ, ಒಳಗೆ ತಿರುಗಲು ಅಷ್ಟು ಜಾಗ ಖಾಲಿ ಬಿಡಬೇಕು. ಪಕ್ಕಕ್ಕೆ ಸರಿಸುವ ಗೇಟಾದರೆ ಕಾಂಪೌಂಡಿನುದ್ದಕ್ಕೂ ಅಷ್ಟೇ ಜಾಗ ಬೇಕು. ಸೈಟು ಚಿಕ್ಕದು ಅಂದ ಕೂಡಲೇ ಶಾಪಿನವನು, "ಬಾಹರ್ ಖೋಲೇಂಗೆ ಸಾಬ್," ಅಂದ. ಹೊರಕ್ಕೆ ತೆರೆದರೆ ನನ್ನ ಆರಡಿ ಉಳಿಯುತ್ತದೆ, ನಿಜ. ಆದರೆ ನಡೆದು ಹೋಗುವವನ ಆರಡಿ ಹೋಗುತ್ತದೆ.

ಕಾರು ಹತ್ತುವ ಇಳಿಜಾರಿನದೂ ಇದೇ ಕಥೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಏರುತ್ತಲೇ ಇರುತ್ತದೆ ಅಂತ ಎಲ್ಲರೂ ಮನೆಯನ್ನು ಎತ್ತರಿಸುತ್ತಾರೆ. ಆ ಎತ್ತರಕ್ಕೆ ಹತ್ತುವ ಇಳಿಜಾರನ್ನು ಮಾತ್ರ ಗೇಟಿನಾಚೆ, ಮೋರಿಯ ಮೇಲೆ, ರಸ್ತೆಯಲ್ಲಿ ಹಾಕುತ್ತಾರೆ. 1908ರಲ್ಲಿ ಮೂಸಿ ನದಿ ಉಕ್ಕಿ ಈ ಊರಿನ ಸಾವಿರಾರು ಜನ ಸತ್ತರು. ಆಮೇಲೆ ನಿಜಾಮನ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯ ಫಲವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು. ಹೊಳೆಯ ನೀರಿಗೆ ಅಣೆಕಟ್ಟೆ ಕಟ್ಟಬಹುದು, ಬೀದಿಯ ನೀರಿಗೆ ಮೋರಿಯೇ ಗತಿ. ಮನೆಮನೆಯವರೂ ಅದರ ಬಾಯಿಗೆ ಒಂದೊಂದು ಇಳಿಜಾರು ಹೊದಿಸಿದರೆ, 2020ರ ಅಕ್ಟೋಬರಿನಲ್ಲಿ ಸುರಿದಂಥ ಮಳೆ ಬಂದ ದಿನ ತಗ್ಗಿನ ಮನೆಯವರು ಏನು ಮಾಡಬೇಕು? ನನ್ನ ಮನೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗೆ ಪತ್ರದಲ್ಲಿ ಅಳತೆ ಇದೆ. ಗೇಟು ಹಾಕುವಾಗ ಆ ಅಳತೆ ಯಾರಿಗೂ ನೆನಪಾಗುವುದಿಲ್ಲ.

ಮುಂದಿನದು ಇನ್ನೂ ಕಷ್ಟದ ಪ್ರಶ್ನೆ. ಗೇಟಿಗೆ ಪೂರ್ತಿ ತಗಡು ಹೊಡೆಸಬೇಕೋ, ಸರಳು ಬಿಟ್ಟು ಕಾಣುವಂತೆ ಮಾಡಿಸಬೇಕೋ? ನಮ್ಮ ಕಾಲೊನಿಯಲ್ಲಿ ಮುಕ್ಕಾಲು ಪಾಲು ತಗಡೇ. ಪಕ್ಕದ ಮನೆಯ ತೆಲುಗು ಹಿರಿಯರೂ ಅದನ್ನೇ ಹೇಳಿದರು. ನಾನು ಸರಳು ಅಂದಾಗ ನನ್ನ ಹೆಂಡತಿ, "ನೀವು ಬೆಳಿಗ್ಗೆ ಹೋದರೆ ರಾತ್ರಿ ಬರ್ತೀರಿ. ಹಗಲೆಲ್ಲ ಮನೇಲಿರೋಳು ನಾನು," ಅಂದಳು. ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಇನ್ನೊಬ್ಬರ ಭಯವನ್ನು ಪಣಕ್ಕಿಟ್ಟು ನಾನು ಉದಾರಿಯಾಗುವುದು ಯಾವ ನ್ಯಾಯ? ಆದರೆ ತಗಡಿಗೆ ಇನ್ನೊಂದು ಮುಖವೂ ಇದೆ. ಹಾರಿ ಒಳಗೆ ಬಂದ ಕಳ್ಳನನ್ನೂ ಅದು ಮರೆಮಾಡುತ್ತದೆ. ಬೀದಿಯನ್ನು ಕಾಯುವುದು ಅಲ್ಲಿ ಓಡಾಡುವವರ, ಕಿಟಕಿಯಲ್ಲಿ ಕೂತವರ ಕಣ್ಣು ಅಂತ ಜೇನ್ ಜೇಕಬ್ಸ್ ಎಂಬಾಕೆ 1961ರಷ್ಟು ಹಿಂದೆಯೇ ಬರೆದಿದ್ದಳು.

ಊರಿನಲ್ಲಿರುವ ನೀವು ಇಷ್ಟು ಹೊತ್ತಿಗೆ ನಗುತ್ತಿರಬಹುದು. ನಮ್ಮ ಮಲೆನಾಡಿನ ಕಡೆ ಮನೆಯ ಮುಂದಿದ್ದದ್ದು ಉಣಗೋಲು, ಕೆಲವರ ಬಾಯಲ್ಲಿ ದಣಪೆ. ಎರಡು ಕಂಬಗಳ ತೂತಿಗೆ ಅಡ್ಡಡ್ಡ ತೂರಿಸಿದ ನಾಲ್ಕು ಗಳು. ಬೀಗವಿಲ್ಲ, ಚಿಲಕವಿಲ್ಲ. ಅದು ತಡೆಯುತ್ತಿದ್ದದ್ದು ದನಗಳನ್ನು. ಮನುಷ್ಯರು ಗಳು ಸರಿಸಿ ಒಳಗೆ ಬಂದು, ಮತ್ತೆ ಹಾಕಿ ಬರಬೇಕು. ಬಂದವನು ಹಾಕಿಯೇ ಬರುತ್ತಾನೆ ಎಂಬ ನಂಬಿಕೆಯ ಮೇಲೆ ತೋಟ ಉಳಿಯುತ್ತಿತ್ತು.

ಹೊರನಾಡಿನಲ್ಲಿ ಕೂತು ಇದನ್ನು ನೆನೆದು ಕಣ್ಣು ತುಂಬಿಸಿಕೊಳ್ಳೋದು ನಮಗೆಲ್ಲ ರೂಢಿ. ಆದರೆ ಪೂರ್ತಿ ಹೇಳಬೇಕಲ್ಲ. ಉಣಗೋಲು ದಾಟಿ ಬಂದ ಕೂಲಿಯಾಳು ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದು, ಜಗಲಿ ಹತ್ತಬಹುದೋ ಬಾರದೋ ಅನ್ನೋದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕಣ್ಣಿಗೆ ಕಾಣದ ಆ ಗೆರೆಗೆ ಯಾವ ವೆಲ್ಡಿಂಗೂ ಬೇಕಿರಲಿಲ್ಲ. ಗೇಟಿಲ್ಲದ ಮನೆಯೆಲ್ಲ ತೆರೆದ ಮನೆಯಲ್ಲ. ಕಬ್ಬಿಣದ ಗೇಟಾದರೂ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದು ಸರಿಯೋ ತಪ್ಪೋ ಅಂತ ಅದರೆದುರೇ ನಿಂತು ಜಗಳವಾಡಬಹುದು.

ಈ ಊರಿಗೆ ಬಂದ ಹೊಸತರಲ್ಲಿ ನಾನು ಗೇಟುಗಳನ್ನು ನೋಡಿದ್ದೆಲ್ಲ ಹೊರಗಿನಿಂದಲೇ. 'ಟು ಲೆಟ್' ಬೋರ್ಡಿನ ಕೆಳಗೆ ನಿಂತು, ಹರಕುಮುರುಕು ತೆಲುಗಿನಲ್ಲಿ ಬಾಡಿಗೆ ವಿಚಾರಿಸುತ್ತಿದ್ದೆ. ತಗಡಿನ ಗೇಟಿನ ಹಿಂದಿನಿಂದ "ಲೇದು" ಅನ್ನುವ ದನಿ ಮಾತ್ರ ಬರುತ್ತಿತ್ತು. ಸರಳಿನ ಗೇಟಿನವರೂ ಇಲ್ಲ ಎಂದದ್ದುಂಟು. ಆದರೆ ಅವರು ಮುಖ ನೋಡಿ ಇಲ್ಲ ಅಂದರು. ಒಬ್ಬರು ಒಂದು ಲೋಟ ನೀರನ್ನೂ ಕೊಟ್ಟರು. ಬೇಡ ಎನ್ನುವ ಹಕ್ಕು ಮನೆಯವರಿಗಿದೆ. ಬೇಡ ಎನ್ನಿಸಿಕೊಳ್ಳುವವನಿಗೆ ಒಂದು ಮುಖ ಕಾಣುವ ಹಕ್ಕಾದರೂ ಇರಲಿ ಎಂಬುದಷ್ಟೇ ನನ್ನ ವಾದ. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ಕೈಮುಗಿಯುವ ನಾವು ಮನೆಯ ಗೇಟಿಗೆ ಒಂದು ಕಿಂಡಿ ಬಿಡಲು ಹಿಂದೆಮುಂದೆ ನೋಡುತ್ತೇವೆ.

ಕೊನೆಗೆ ನಾವಿಬ್ಬರೂ ಒಪ್ಪಿದ್ದು ಹೀಗೆ. ಕೆಳಗಿನ 3 ಅಡಿ ತಗಡು, ಬೀದಿನಾಯಿಗಳಿಗಾಗಿ. ಮೇಲೆ ಸರಳು, ಬಂದವರ ಮುಖ ಇವಳಿಗೆ, ಇವಳ ಮುಖ ಬಂದವರಿಗೆ ಕಾಣುವಂತೆ. ಬಾಗಿಲು ತೆರೆಯುವುದು ಒಳಕ್ಕೆ, ಇಳಿಜಾರೂ ಒಳಗೇ. ಅದಕ್ಕಾಗಿ ಮಲ್ಲಿಗೆಯ ಪಾತಿ ಬಿಟ್ಟುಕೊಟ್ಟೆವು. ರಾತ್ರಿ ಬೀಗ. ಹಗಲು ಬರೀ ಚಿಲಕ, ಹೊರಗಿನಿಂದ ಕೈ ಹಾಕಿದರೆ ಎಟುಕುವಂಥದ್ದು. ತೆರೆದವರು ಮತ್ತೆ ಹಾಕಿ ಹೋಗುತ್ತಾರೆಯೇ ಅಂತ ನೀವು ಕೇಳಬಹುದು. ಹಾಲಿನ ಹುಡುಗ ಹಾಕುತ್ತಾನೆ. ಗ್ಯಾಸಿನವನು ಹಾಕುವುದಿಲ್ಲ. ಅವನು ಹೋದ ಮೇಲೆ ನಾವೇ ಎದ್ದು ಹೋಗಿ ಹಾಕಿ ಬರುತ್ತೇವೆ.